ಜೆರಾಕ್ಸ್ ಗಾಜಿನ ಮೇಲೆ ಗೋಣಿ, ಎಲೆ, ದಾರ: ಮೈವಳಿಕೆಯ ಚಿತ್ರ ಮಾಡುವ ಬಗೆ

ಗೋಣಿಚೀಲದ ತುಂಡೊಂದನ್ನು ಜೆರಾಕ್ಸ್ ಗಾಜಿನ ಮೇಲಿಟ್ಟು ನೇರವಾಗಿ ಹಸಿರು ಬಟನ್ ಒತ್ತಿದರೆ ಬರುವ ಕಾಪಿ ಬಹುತೇಕ ಪೇಲವವಾಗಿರುತ್ತದೆ. ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ, ಉಳಿದದ್ದೆಲ್ಲ ಬಿಳಿ. ತಪ್ಪು ಗೋಣಿಯದಲ್ಲ. ಯಂತ್ರ ಅದನ್ನು ಹಳದಿಗಟ್ಟಿದ ಯಾವುದೋ ಹಳೆಯ ಕಾಗದಪತ್ರ ಅಂದುಕೊಂಡಿದೆ. ಹಿನ್ನೆಲೆಯನ್ನು ಅಳಿಸಿ, ಅಕ್ಷರದಂತೆ ಕಂಡದ್ದನ್ನಷ್ಟೇ ಉಳಿಸಿ, ಚೊಕ್ಕಟ ಮಾಡಿ ಕೊಟ್ಟಿದೆ. ಈ ಯಂತ್ರ ಕೇಳದೆಯೇ ಮಾಡುವ ಉಪಕಾರಗಳೆಲ್ಲ ನಮಗೆ ಬೇಕಾದ ಮೈವಳಿಕೆಯನ್ನೇ, ಅಂದರೆ ವಸ್ತುವಿನ ಮೇಲ್ಮೈಯ ಒರಟು, ಸುಕ್ಕು, ನೇಯ್ಗೆಯನ್ನೇ (ಟೆಕ್ಸ್‌ಚರ್), ಅಳಿಸುವಂಥವು. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಸೆಟ್ಟಿಂಗ್ ಪರದೆಯಲ್ಲಿ. ಗಾಜಿನ ಸರದಿ ಆಮೇಲೆ.

ಮೊದಲು ಯಂತ್ರದ ಉಪಕಾರ ನಿಲ್ಲಿಸಿ

ಆಟೋ ಡೆನ್ಸಿಟಿ ಅಥವಾ ಬ್ಯಾಕ್‌ಗ್ರೌಂಡ್ ರಿಮೂವಲ್ ಎಂದು ಇರುವುದನ್ನು ಆಫ್ ಮಾಡಿ. ಮೂಲದ ಬಗೆ ಕೇಳುವಲ್ಲಿ 'ಟೆಕ್ಸ್ಟ್' ಬಿಟ್ಟು 'ಫೋಟೋ' ಆರಿಸಿ. ಟೆಕ್ಸ್ಟ್ ಮೋಡ್ ಮುಂದೆ ಬೇರೆ ಕೆಲಸಕ್ಕೆ ಬರುತ್ತದೆ. ಪೇಪರ್ ಅಳತೆಯನ್ನು ಆಟೋದಿಂದ ತೆಗೆದು ಕೈಯಾರೆ ಎ4 ಎಂದು ಕೊಡಿ. ಮುಚ್ಚಳ ತೆರೆದಿದ್ದರೆ ಅಥವಾ ಗಾಜಿನ ಮೇಲಿರುವುದಕ್ಕೆ ನೆಟ್ಟನೆ ಅಂಚಿಲ್ಲದಿದ್ದರೆ ಯಂತ್ರಕ್ಕೆ ಅಳತೆ ಗೊತ್ತಾಗುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಜೂಮ್ ಶೇ 100. ಟೋನರ್ ಸೇವ್ ಆಫ್. ಎಡ್ಜ್ ಇರೇಸ್ ಇದ್ದರೆ ಸೊನ್ನೆಗೆ ತನ್ನಿ. ಅಷ್ಟಾದರೂ ಸುತ್ತ ಕೆಲವು ಮಿಲಿಮೀಟರ್ ಬಿಳಿ ಅಂಚು ಉಳಿದೇ ಉಳಿಯುತ್ತದೆ. ಬೇಡವೆಂದರೆ ಆಮೇಲೆ ಕತ್ತರಿಸಬೇಕು.

ಮೊದಲ ದಿನ ಕಪ್ಪು-ಬಿಳುಪಿನಲ್ಲೇ ಕೆಲಸ ಮಾಡಿ. ಬಣ್ಣ ಬಂದರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ, ಮೈವಳಿಕೆ ಕಾಣುವುದಿಲ್ಲ.

ಗಾಜಿನಡಿ ನಡೆಯುವುದೇನು

ಬೆಳಕಿನ ಒಂದು ಕಿರಿದಾದ ಪಟ್ಟಿ ಗಾಜಿನಡಿ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ವಸ್ತುವಿನಿಂದ ಹಿಂತಿರುಗಿದ ಬೆಳಕನ್ನು ಸೆನ್ಸರ್ ಸಾಲುಸಾಲಾಗಿ ಓದುತ್ತದೆ. ಆ ಓದಿನ ಪ್ರಕಾರ ಲೇಸರ್, ವಿದ್ಯುದಾವೇಶ ಹೊತ್ತ ಡ್ರಮ್ಮಿನ ಮೇಲೆ ಚಿತ್ರ ಬರೆಯುತ್ತದೆ. ಟೋನರ್ ಪುಡಿ ಆ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಕಾಗದಕ್ಕೆ ಇಳಿದು, ಫ್ಯೂಸರ್‌ನ ಬಿಸಿ ರೋಲರಿನಡಿ ಕರಗಿ ಕೂರುತ್ತದೆ. ಟೋನರ್ ಅಂದರೆ ಶಾಯಿಯಲ್ಲ, ಬಣ್ಣ ಸೇರಿಸಿದ ಪ್ಲಾಸ್ಟಿಕ್ ಪುಡಿ. ಮುಂದೆ ಬರುವ ಅರ್ಧ ಉಪಾಯಗಳೂ ಮುಕ್ಕಾಲು ಅಪಾಯಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಈ ವಿದ್ಯೆ ಕಂಡುಹಿಡಿದ ಚೆಸ್ಟರ್ ಕಾರ್ಲ್ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ತೆಗೆದ ಮೊದಲ ಪ್ರತಿಗೆ ಡ್ರಮ್ಮಿನ ಜಾಗದಲ್ಲಿ ಇದ್ದದ್ದು ಗಂಧಕ ಲೇಪಿಸಿದ ಸತುವಿನ ತಗಡು. ಅದಕ್ಕೆ ವಿದ್ಯುದಾವೇಶ ಕೊಟ್ಟದ್ದು ಕರವಸ್ತ್ರದಿಂದ ಉಜ್ಜಿ. ಬಟ್ಟೆಗೂ ಈ ವಿದ್ಯೆಗೂ ನಂಟು ಮೊದಲ ದಿನದಿಂದಲೇ ಇದೆ.

ನಿಮ್ಮ ಯಂತ್ರದ ಕಣ್ಣು ಎಷ್ಟು ಆಳ ನೋಡುತ್ತದೆ

ಸ್ಕ್ಯಾನರ್‌ಗಳಲ್ಲಿ ಎರಡು ಬಗೆ. ಕನ್ನಡಿ, ಲೆನ್ಸ್ ಇರುವ ಸಿಸಿಡಿ ಬಗೆಯದು ಗಾಜಿನಿಂದ ಒಂದಿಷ್ಟು ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ತೆಳ್ಳನೆಯ ಸಣ್ಣ ಯಂತ್ರಗಳಲ್ಲಿರುವ ಸಿಐಎಸ್ ಬಗೆಯದಕ್ಕೆ ಗಾಜಿಗೆ ತಾಗಿದ್ದೇ ಲೋಕ. ಸ್ವಲ್ಪ ಮೇಲೆದ್ದರೆ ಮಬ್ಬು. ಯಾವುದು ನಿಮ್ಮದು ಎಂದು ತಿಳಿಯಲು ಕೈಪಿಡಿ ಹುಡುಕಬೇಕಿಲ್ಲ. 15 ಸೆಂ.ಮೀ. ಸ್ಕೇಲನ್ನು ಅಂಕಿಗಳು ಕೆಳಮುಖವಾಗುವಂತೆ ಹಿಡಿದು, ಸೊನ್ನೆಯ ತುದಿ ಗಾಜಿಗೆ ತಾಗಿಸಿ, ಇನ್ನೊಂದು ತುದಿಯಡಿ 3 ಸೆಂ.ಮೀ. ಎತ್ತರದ ರಟ್ಟಿನ ಆಸರೆ ಕೊಡಿ. ಈಗ ಸ್ಕೇಲಿನ ಪ್ರತಿ ಸೆಂಟಿಮೀಟರ್ ಗುರುತೂ ಹಿಂದಿನದಕ್ಕಿಂತ 2 ಮಿ.ಮೀ. ಮೇಲಿದೆ. ಒಂದು ಕಾಪಿ ತೆಗೆಯಿರಿ. ಅಂಕಿ 6ರವರೆಗೆ ಓದಲು ಬಂದರೆ ಆ ಯಂತ್ರದ ಆಳ 12 ಮಿ.ಮೀ. ಅಂಕಿ 1ಕ್ಕೇ ಕರಗಿಹೋದರೆ ಸಿಐಎಸ್ ಎಂದೇ ತಿಳಿಯಿರಿ.

ಈ ಕಾಪಿಯನ್ನು ಗೋಡೆಗೆ ಅಂಟಿಸಿಡಿ. ಮುದುಡಿದ ಕಾಗದ, ಬೇರು, ಉಂಡೆಯಾದ ದಾರ ಎಲ್ಲಕ್ಕೂ ಇದೇ ಅಳತೆಗೋಲು. ಸಿಐಎಸ್ ಯಂತ್ರವನ್ನು ಕೀಳಾಗಿ ನೋಡಬೇಕಿಲ್ಲ: ಸುಕ್ಕಿನ ತುದಿ ಮಾತ್ರ ಚೂಪಾಗಿ, ಉಳಿದದ್ದು ಹೊಗೆಯಂತೆ ಮುಳುಗುವ ಚಿತ್ರವನ್ನು ಸಿಸಿಡಿ ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಗಾಜು ಕಾಯುವುದು

ಗಾಜಿನ ಮೇಲೆ ತೆಳುವಾದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಹಾಸಿ ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ; ಓಎಚ್‌ಪಿ ಶೀಟ್ ಸಾಕು. ಹಾಳೆಗೆ ಗೀರು ಬಿದ್ದರೆ ಬದಲಿಸಬಹುದು, ಗಾಜಿಗೆ ಬಿದ್ದರೆ ಮುಂದಿನ ಪ್ರತಿ ಕಾಪಿಯಲ್ಲೂ ಬರುತ್ತದೆ. ದೊಡ್ಡ ಗಾಜಿನ ಪಕ್ಕದಲ್ಲಿ ಕಿರಿದಾದ ಗಾಜಿನ ಪಟ್ಟಿಯೊಂದು ಇರುತ್ತದಲ್ಲ, ಅದು ಮೇಲಿನ ಫೀಡರ್‌ನಿಂದ ಬರುವ ಹಾಳೆ ಓದುವ ಜಾಗ. ಅಲ್ಲಿ ಒಂದು ಕಣ ಅಂಟು ಕುಳಿತರೂ ಫೀಡರ್‌ನಲ್ಲಿ ಹಾಕಿದ ಎಲ್ಲ ಹಾಳೆಗಳಿಗೂ ಉದ್ದಕ್ಕೆ ಗೆರೆ ಬೀಳುತ್ತದೆ. ಯಂತ್ರ ಇನ್ನೊಬ್ಬರದಾದರೆ ನಿಮ್ಮ ಸ್ನೇಹ ಕೆಡುವುದು ಆ ಪಟ್ಟಿಯಿಂದಲೇ; ಅದರ ಮೇಲೆ ಕಾಗದ ಹಾಕಿ ಮುಚ್ಚಿ.

ಫೀಡರ್‌ನಲ್ಲಿ ಕಾಗದವಲ್ಲದ್ದನ್ನು ಹಾಕಲೇಬೇಡಿ. ಮರಳು, ಕಲ್ಲು, ಸ್ಯಾಂಡ್‌ಪೇಪರ್‌ಗಳನ್ನು ಗಾಜಿನ ಮೇಲೆ ಪಾರದರ್ಶಕ ಹಾಳೆ ಹಾಸಿದ್ದರೂ ಇಡಬೇಡಿ. ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ, ಗಾಜಿಗೆ ಸಿಂಪಡಿಸಿದರೆ ಅಂಚಿನಿಂದ ಒಳಗಿಳಿಯುತ್ತದೆ. ಮುಖ ಒತ್ತುವುದಾದರೆ ಕಣ್ಣು ಮುಚ್ಚಿಕೊಳ್ಳಿ. ಗಾಜಿನ ಮೇಲೆ ಕೂರುವ ಹಳೆಯ ತಮಾಷೆಯನ್ನು ಹಳೆಯದಾಗಿಯೇ ಇರಲು ಬಿಡಿ. ಅದು ಕಾಗದ ಹೊರಲು ಮಾಡಿದ ಗಾಜು, ಕುರ್ಚಿಯಲ್ಲ.

ಹಿನ್ನೆಲೆ

ಮುಚ್ಚಳ ಹಾಕಿದರೆ ಹಿನ್ನೆಲೆ ಬಿಳಿ, ಏಕೆಂದರೆ ಮುಚ್ಚಳದ ಒಳಮೈ ಬಿಳಿ. ತೆರೆದಿಟ್ಟರೆ ಬೆಳಕು ಹಿಂತಿರುಗುವುದೇ ಇಲ್ಲ, ಕಪ್ಪು. ನಡುವಿನ ಬೂದು ಬೇಕಾದರೆ ವಸ್ತುವಿನ ಮೇಲೆ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ಬಿಳಿ ಹಾಳೆಯನ್ನು ಆಸರೆ ಕೊಟ್ಟು ನಿಲ್ಲಿಸಿ. ಎತ್ತರ ಹೆಚ್ಚಿದಷ್ಟೂ ಬೂದು ಗಾಢ. ಹಾಳೆಯನ್ನು ಓರೆಯಾಗಿಟ್ಟರೆ ಒಂದು ಬದಿ ಬಿಳಿ, ಇನ್ನೊಂದು ಕಪ್ಪಾಗಿ ನಡುವೆ ಇಳಿಜಾರು ಬರುತ್ತದೆ. ಇಷ್ಟು ಸರಳವಾದ ಉಪಾಯಕ್ಕೆ ಇಷ್ಟು ಒಳ್ಳೆಯ ಫಲ ಈ ಕೆಲಸದಲ್ಲಿ ಬೇರೆಲ್ಲೂ ಸಿಗದು.

ಕಪ್ಪಿಗೆ ಬೆಲೆಯಿದೆ. ಕಾರ್ಟ್ರಿಜ್ ಮೇಲೆ ಬರೆದಿರುವ ಪುಟಗಳ ಲೆಕ್ಕ ಸಾಮಾನ್ಯವಾಗಿ ಪುಟದ ಶೇ 5ರಷ್ಟು ಭಾಗಕ್ಕೆ ಟೋನರ್ ಬೀಳುತ್ತದೆ ಎಂಬ ಅಂದಾಜಿನದು. ಶೇ 80 ಕಪ್ಪಾದ ಒಂದು ಹಾಳೆ ಅಂಥ 16 ಪುಟಗಳ ಟೋನರ್ ತಿನ್ನುತ್ತದೆ. ಪ್ರಯೋಗಗಳನ್ನು ಬಿಳಿ ಹಿನ್ನೆಲೆಯಲ್ಲಿ, ಎ5ರಲ್ಲಿ ಮಾಡಿ ನೋಡಿ, ಒಪ್ಪಿದ್ದನ್ನು ಮಾತ್ರ ಕಪ್ಪಿಗೆ ತನ್ನಿ. ತೆಳ್ಳನೆಯ ಕಾಗದದ ಮೇಲೆ ಇಡೀ ಕಪ್ಪು ಬಂದರೆ ಹಾಳೆ ಸುರುಳಿಯಾಗುತ್ತದೆ, ಫ್ಯೂಸರ್‌ಗೆ ಅಂಟಿ ಜಾಮ್ ಕೂಡ ಆಗಬಹುದು. ತುಸು ದಪ್ಪನೆಯ, 100 ಜಿಎಸ್‌ಎಂ ಕಾಗದ ಹಾಕಿದರೆ ಆ ಕಾಟ ಬಹಳ ಕಡಿಮೆ.

ಒಂದು ಬಟ್ಟೆ, ನಾಲ್ಕು ಕಾಪಿ

ಬ್ಯಾಂಡೇಜಿನಂಥ ಸಡಿಲ ನೇಯ್ಗೆಯ ಬಿಳಿ ಹತ್ತಿಬಟ್ಟೆ, ಸುಮಾರು 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ. ಒದ್ದೆ ಮಾಡಿ ಹಗ್ಗದಂತೆ ಬಿಗಿಯಾಗಿ ಹಿಂಡಿ, ತಿರುಚಿದ ಹಾಗೆಯೇ ಒಂದು ದಿನ ಪೂರ್ತಿ ಒಣಗಲು ಬಿಡಿ. ಬಿಚ್ಚಿದಾಗ ಉದ್ದುದ್ದಕ್ಕೆ ಏಣುಗಳೆದ್ದಿರುತ್ತವೆ. ನಡುವಿನಿಂದ ಎಂಟು ಹತ್ತು ಅಡ್ಡ ಎಳೆಗಳನ್ನು ಸೂಜಿಯಿಂದ ಎತ್ತಿ ಎಳೆದು ತೆಗೆಯಿರಿ. ಅಲ್ಲಿ ಬರೀ ಉದ್ದದ ಎಳೆಗಳು ಏಣಿಯ ಕಂಬಗಳಂತೆ ನಿಲ್ಲುತ್ತವೆ. ಗಾಜಿನ ಮೇಲೆ ಹಾಸುವಾಗ ನೇರ ಮಾಡಬೇಡಿ. ಎರಡೂ ಬದಿಯಿಂದ ನಡುವಿಗೆ ತಳ್ಳಿ ಒಂದೆರಡು ನಿರಿಗೆ ಏಳಿಸಿ. ಮೇಲೆ ಕಪ್ಪು ಹಾಳೆ ಸುಮ್ಮನೆ ಇಡಿ, ಒತ್ತಬೇಡಿ.

ಮೊದಲ ಕಾಪಿ ಹೀಗೆ. ಎರಡನೆಯದಕ್ಕೆ ಬಟ್ಟೆಯನ್ನು ನಿರಿಗೆ ಕೆಡದಂತೆ, ಅಡಿಯ ಹಾಳೆಯ ಸಮೇತ, 90 ಡಿಗ್ರಿ ತಿರುಗಿಸಿ. (ಹಾಗಾಗಿಯೇ ಈ ಪ್ರಯೋಗಕ್ಕೆ ಹಾಸಿದ ಹಾಳೆಗೆ ಟೇಪ್ ಹಚ್ಚಬೇಡಿ.) ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಒಂದರಲ್ಲಿ ಏಣುಗಳ ನೆರಳು ಗಾಢ, ಇನ್ನೊಂದರಲ್ಲಿ ನಿರಿಗೆ ಚಪ್ಪಟೆ. ಬೆಳಕಿನ ಪಟ್ಟಿ ಓರೆಯಾಗಿ, ತಾನು ಸಾಗುವ ದಿಕ್ಕಿನಿಂದಲೇ ಬೀಳುವುದರಿಂದ, ಆ ದಾರಿಗೆ ಅಡ್ಡ ಮಲಗಿದ ಏಣುಗಳಿಗೆ ನೆರಳಿದೆ, ದಾರಿಯುದ್ದಕ್ಕೆ ಮಲಗಿದವಕ್ಕೆ ಇಲ್ಲ. ಎರಡೂ ಬದಿ ದೀಪವಿರುವ ಯಂತ್ರದಲ್ಲಿ ವ್ಯತ್ಯಾಸ ಕಡಿಮೆ. ಮೂರನೆಯ ಕಾಪಿಗೆ ಮೇಲೆ ದಪ್ಪ ಪುಸ್ತಕ ಹೇರಿ. ನೆರಳು ಸತ್ತು ನೇಯ್ಗೆ ಎದ್ದುಬರುತ್ತದೆ. ನಾಲ್ಕನೆಯದನ್ನು ಶೇ 400 ಹಿಗ್ಗಿಸಿ ತೆಗೆಯಿರಿ. ಈಗ ಗಾಜಿನ ಮೇಲಿನ ಸುಮಾರು 5 ಸೆಂ.ಮೀ. ಅಗಲ, 7 ಸೆಂ.ಮೀ. ಉದ್ದದ ಜಾಗವೇ ಇಡೀ ಎ4. ಎಳೆ ಕಿತ್ತ ಜಾಗ ಅದರೊಳಗೆ ಬೀಳಬೇಕಾದರೆ, ಯಂತ್ರ ಯಾವ ಮೂಲೆಯಿಂದ ಅಳೆಯುತ್ತದೆ ಎಂಬುದನ್ನು ಗಾಜಿನ ಅಂಚಿನ ಬಾಣದ ಗುರುತು ನೋಡಿ ಹೊಂದಿಸಿ.

ಪ್ರತಿ ಕಾಪಿಯ ಹಿಂದೆ ಪೆನ್ಸಿಲಿನಲ್ಲಿ ಸೆಟ್ಟಿಂಗ್ ಬರೆದಿಡಿ: ಮೋಡ್, ಡಾರ್ಕ್ ಎಷ್ಟು, ಜೂಮ್ ಎಷ್ಟು, ಮುಚ್ಚಳ ಹೇಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬರೆಯದೆ ಇಪ್ಪತ್ತು ಕಾಪಿ ತೆಗೆದವರಿಗೆ ಹನ್ನೊಂದನೆಯದು ಏಕೆ ಅಷ್ಟು ಚೆನ್ನಾಗಿ ಬಂತೆಂದು ಎಂದಿಗೂ ಗೊತ್ತಾಗುವುದಿಲ್ಲ.

ಉಳಿದ ವಸ್ತುಗಳು

ಒಣ ಎಲೆಯ ಬೆನ್ನನ್ನು ಗಾಜಿಗೆ ಕೊಡಿ, ನರಗಳು ಉಬ್ಬಿರುವುದು ಅಲ್ಲೇ. ಹಸಿ ಎಲೆಯಾದರೆ ತೇವ ಹೀರಿಸಿ ಎರಡು ಪಾರದರ್ಶಕ ಹಾಳೆಗಳ ನಡುವೆ ಇಡಿ. ಇಲ್ಲದಿದ್ದರೆ ಬೆವರಿ ಗಾಜು ಮಬ್ಬಾಗುತ್ತದೆ. ಉಪ್ಪು, ಸಕ್ಕರೆ, ಕಾಳುಗಳನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು, ಒಂದೇ ಪದರವಾಗಿ ಹರಡಿ. ಕವರಿನ ಸುಕ್ಕೂ ಚಿತ್ರದಲ್ಲಿ ಬರುತ್ತದೆ. ಬೇಡವೆಂದರೆ ಕವರನ್ನು ಬಿಗಿಯಾಗಿ ಎಳೆದು ಟೇಪ್ ಮಾಡಿ. ದಾರ, ಬಲೆ, ಕೂದಲು, ಬಬಲ್ ರ‍್ಯಾಪ್ ಇವೆಲ್ಲ ಮೊದಲ ಯತ್ನದಲ್ಲೇ ಒಲಿಯುತ್ತವೆ, ಹಾಗಾಗಿಯೇ ಬೇಗ ಬೇಸರ ತರುತ್ತವೆ.

ಅಲ್ಯೂಮಿನಿಯಂ ಫಾಯಿಲ್ ಮೋಸಗಾರ. ಹೊಳೆಯುವ ಫಾಯಿಲನ್ನು ಚಪ್ಪಟೆಯಾಗಿ ಇಟ್ಟರೆ ಬೆಳ್ಳಗೆ ಬರಬೇಕಿತ್ತು, ಕಪ್ಪಾಗಿ ಬರುತ್ತದೆ. ಓರೆಯಾಗಿ ಬಿದ್ದ ಬೆಳಕನ್ನು ಅದು ಕನ್ನಡಿಯಂತೆ ಆಚೆ ಬದಿಗೆ ಹೊಡೆದುಬಿಡುತ್ತದೆ, ನೇರ ಕೆಳಗಿರುವ ಸೆನ್ಸರಿಗೆ ಏನೂ ತಲುಪುವುದಿಲ್ಲ. ಮುದುಡಿ ಬಿಡಿಸಿ ಇಡಿ. ಸರಿಯಾದ ಕೋನದಲ್ಲಿರುವ ಸಣ್ಣ ಮುಖಗಳು ಮಾತ್ರ ಮಿಂಚಿ, ಉಳಿದದ್ದು ಕಪ್ಪಾಗಿ, ಕಲ್ಲಿದ್ದಲಿನ ತುಂಡಿನಂತೆ ಕಾಣುತ್ತದೆ.

ಗಾಜಿನ ಮೇಲೆ ಇಡಲಾಗದ ಗೋಡೆ, ತೊಗಟೆ, ಕಲ್ಲು, ಸ್ಯಾಂಡ್‌ಪೇಪರ್ ಇವುಗಳಿಗೆ ಉಜ್ಜುಚಿತ್ರವೇ ದಾರಿ. ತೆಳು ಕಾಗದವನ್ನು ಮೇಲ್ಮೈಗೆ ಟೇಪ್ ಹಚ್ಚಿ, ಕಪ್ಪು ಮೇಣದ ಕ್ರೇಯಾನನ್ನು ಸಿಪ್ಪೆ ತೆಗೆದು ಅಡ್ಡ ಹಿಡಿದು ಹಗುರವಾಗಿ, ಒಂದೇ ದಿಕ್ಕಿಗೆ ಉಜ್ಜಿ. ಜರ್ಮನಿಯ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲಹಾಸಿನ ಮೇಲೆ ಕಾಗದ ಉಜ್ಜಿ ಹಿಡಿದ ದಾರಿ ಇದೇ. ಆ ಹಾಳೆಯನ್ನು ಗಾಜಿನ ಮೇಲಿಟ್ಟು ಕಾಪಿ ಮಾಡಿ. ಆದರೆ ಅದೇ ಹಾಳೆಯನ್ನು ಪೇಪರ್ ಟ್ರೇಗೆ ಮಾತ್ರ ಹಾಕಬೇಡಿ: ಮೇಣ ಫ್ಯೂಸರಿನಲ್ಲಿ ಕರಗಿ ರೋಲರ್ ಹಿಡಿದರೆ ರಿಪೇರಿಯೇ ಗತಿ.

ಎಳೆಯುವುದು

ಬೆಳಕಿನ ಪಟ್ಟಿ ಸಾಗುತ್ತಿರುವಾಗ ವಸ್ತುವನ್ನೂ ಸರಿಸಿದರೆ ಚಿತ್ರದಲ್ಲಿ ಕಾಲ ಸೇರುತ್ತದೆ. ಇಟಲಿಯ ಕಲಾವಿದ ಬ್ರೂನೊ ಮುನಾರಿ 1960ರ ದಶಕದಲ್ಲೇ ಇದನ್ನು ಪಟ್ಟಾಗಿ ಮಾಡಿದ. ಲೆಕ್ಕ ಸುಲಭ. ಪಟ್ಟಿಯ ದಿಕ್ಕಿಗೇ, ಅದರ ಅರ್ಧ ವೇಗದಲ್ಲಿ ಎಳೆದರೆ ಚಿತ್ರ ಎರಡು ಪಟ್ಟು ಉದ್ದ. ಎದುರು ದಿಕ್ಕಿಗೆ ಅಷ್ಟೇ ವೇಗದಲ್ಲಿ ಎಳೆದರೆ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ಪಟ್ಟಿಯ ಜೊತೆಜೊತೆಗೇ ಓಡಿಸಿದರೆ ಒಂದೇ ಸಾಲು ಮತ್ತೆ ಮತ್ತೆ ಓದಿಸಿಕೊಂಡು ಮಳೆಯಂಥ ನೆಟ್ಟಗೆರೆಗಳು. ಅಡ್ಡಕ್ಕೆ ಒಂದೇ ಸಮ ಎಳೆದರೆ ಓರೆ, ಅತ್ತಿತ್ತ ಅಲ್ಲಾಡಿಸಿದರೆ ಅಲೆ.

ಬರಿಗೈಯಲ್ಲಿ ಬಟ್ಟೆ ಎಳೆದರೆ ಬೆರಳು ಬರುತ್ತದೆ, ಬಟ್ಟೆ ಮುದುಡುತ್ತದೆ. ವಸ್ತುವನ್ನು 40 ಸೆಂ.ಮೀ. ಉದ್ದದ ಪಾರದರ್ಶಕ ಹಾಳೆಯ ಮೇಲೆ ಅಂಟಿಸಿ, ಗಾಜಿನಾಚೆ ಚಾಚಿದ ತುದಿ ಹಿಡಿದು ಎಳೆಯಿರಿ. ಪಟ್ಟಿಯ ಓಟ ಬೇಗ ಮುಗಿಯುತ್ತಿದ್ದರೆ ರೆಸಲ್ಯೂಶನ್ ಹೆಚ್ಚಿಸಿ ಅಥವಾ ಕಲರ್ ಮೋಡ್ ಹಾಕಿ. ಎಷ್ಟೋ ಯಂತ್ರಗಳು ಆಗ ನಿಧಾನವಾಗುತ್ತವೆ. ಕಲರಿನಲ್ಲಿ ಎಳೆದಾಗ ಅಂಚುಗಳಿಗೆ ಕೆಂಪು, ಹಸಿರು, ನೀಲಿಯ ಜರಿ ಬರುವುದು ದೋಷವಲ್ಲ. ಮೂರು ಬಣ್ಣಗಳನ್ನು ಓದುವ ಕ್ಷಣಗಳ ನಡುವೆ ವಸ್ತು ಸರಿದುಹೋಗಿರುತ್ತದೆ. ಕಾಪಿಗಳ ಸಂಖ್ಯೆ 1 ಇರಲಿ. ಡಿಜಿಟಲ್ ಯಂತ್ರ ಒಮ್ಮೆ ಓದಿದ್ದನ್ನೇ ಹತ್ತು ಸಲ ಮುದ್ರಿಸುತ್ತದೆ. ಹತ್ತು ಬೇರೆ ಎಳೆತ ಬೇಕಾದರೆ ಬಟನ್ನನ್ನೂ ಹತ್ತು ಸಲ ಒತ್ತಬೇಕು.

ಕಾಪಿಯ ಕಾಪಿ

ಇಲ್ಲಿ ಟೆಕ್ಸ್ಟ್ ಮೋಡ್‌ಗೆ ಮರಳಿ. ಬಟ್ಟೆಯ ಮೊದಲ ಕಾಪಿಯನ್ನು ಮೂಲವಾಗಿಟ್ಟು ಇನ್ನೊಂದು, ಅದರಿಂದ ಮತ್ತೊಂದು ಎಂದು ಹತ್ತು ತಲೆಮಾರು ಇಳಿಸಿ. ಬೂದುಗಳು ಒಂದೊಂದಾಗಿ ಕಪ್ಪಿಗೋ ಬಿಳಿಗೋ ಪಕ್ಷಾಂತರ ಮಾಡುತ್ತವೆ. ಐದಾರನೆಯ ತಲೆಮಾರಿಗೆ ನೇಯ್ಗೆ ಹೋಗಿ, ಮೇಲಿನಿಂದ ನೋಡಿದ ನದಿಯ ಕವಲುಗಳಂಥದ್ದು ಉಳಿಯಬಹುದು. ಡಾರ್ಕ್ ಒಂದು ಹೆಜ್ಜೆ ಹೆಚ್ಚಿಸಿದರೆ ಗೆರೆಗಳು ದಪ್ಪವಾಗುತ್ತಾ ಕೂಡಿಕೊಳ್ಳುತ್ತವೆ, ಲೈಟ್ ಮಾಡಿದರೆ ಕಡಿದುಹೋಗುತ್ತವೆ. ಫೋಟೋ ಮೋಡ್‌ನಲ್ಲೇ ಮುಂದುವರಿದರೆ ಯಂತ್ರ ಬೂದಿಗಾಗಿ ಹಾಕುವ ಚುಕ್ಕೆಗಳು ಹಿಂದಿನ ಕಾಪಿಯ ಚುಕ್ಕೆಗಳ ಮೇಲೆ ಬಿದ್ದು ಅಲೆಅಲೆಯ ಜಾಲರಿ ಏಳುತ್ತದೆ. ಕೆಲವರಿಗೆ ಅದೇ ಇಷ್ಟ. ಬಟ್ಟೆಯ ಸ್ವಂತ ಜಾಲರಿಯನ್ನು ಅದು ನುಂಗಿಬಿಡುತ್ತದೆ ಎಂಬುದು ನಮ್ಮ ತಕರಾರು.

ಪ್ರತಿ ತಲೆಮಾರಿಗೂ ಶೇ 102 ಹಿಗ್ಗಿಸುತ್ತಾ ಹೋದರೆ ಹತ್ತನೆಯದು ಮೂಲದ ಸುಮಾರು 1.2 ಪಟ್ಟು, ಚಿತ್ರ ನಿಧಾನವಾಗಿ ಹಾಳೆಯ ಹೊರಗೆ ಹರಿಯುತ್ತದೆ. ಎಲ್ಲ ಹತ್ತನ್ನೂ ಸಾಲಾಗಿ ಅಂಟಿಸಿದಾಗಲೇ ಇದರ ಸೊಗಸು.

ಅದೇ ಹಾಳೆ ಮತ್ತೊಮ್ಮೆ

ಮುದ್ರಿತ ಹಾಳೆಯನ್ನೇ ಬೈಪಾಸ್ ಟ್ರೇಯಲ್ಲಿ (ಕೈಯಾರೆ ಹಾಳೆ ಕೊಡುವ ಟ್ರೇ) ಮತ್ತೆ ಹಾಕಿ ಇನ್ನೊಂದು ಮೈವಳಿಕೆಯನ್ನು ಅದರ ಮೇಲೆ ಹೊಡೆಯಬಹುದು. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1986ರಲ್ಲಿ ಕಚೇರಿಯ ಕಾಪಿಯರ್‌ನಲ್ಲಿ ಒಂದೊಂದೇ ಬಣ್ಣವನ್ನು ಹೀಗೆ ಪದರವಾಗಿ ಹಾಕಿ ಮುದ್ರಿತಚಿತ್ರಗಳನ್ನೇ ಮಾಡಿದ. ಯಾವ ಮುಖ, ಯಾವ ತುದಿ ಎಂಬ ಗೊಂದಲಕ್ಕೆ ಒಂದು ಖಾಲಿ ಹಾಳೆಯ ಮೇಲೆ ಪೆನ್ಸಿಲ್ ಬಾಣ ಬರೆದು ಹಾಯಿಸಿ ನೋಡಿ, ಉತ್ತರವನ್ನು ಟ್ರೇ ಪಕ್ಕದಲ್ಲೇ ಅಂಟಿಸಿ. ಪ್ರತಿ ಸುತ್ತಿನ ಬಳಿಕ ಹಾಳೆಯನ್ನು ಪುಸ್ತಕದಡಿ ಹತ್ತು ನಿಮಿಷ ಇಟ್ಟು ಸಪಾಟು ಮಾಡಿ. ಒಂದೆರಡು ಮಿ.ಮೀ. ಆಚೀಚೆ ಆಗುವುದನ್ನು ತಡೆಯಲಾಗದು, ಅಷ್ಟು ಕರಾರುವಾಕ್ಕು ಬೇಡುವ ಚಿತ್ರ ಯೋಚಿಸಬೇಡಿ. ದಟ್ಟ ಕಪ್ಪಿನ ಮೇಲೆ ದಟ್ಟ ಕಪ್ಪು ಬೇಡ. ಮೂರು ಸುತ್ತಿಗೆ ನಿಲ್ಲಿಸುವುದು ಒಳ್ಳೆಯದು. ಮೊದಲಿನ ಟೋನರ್ ಪ್ರತಿ ಸಲವೂ ಮೆತ್ತಗಾಗಿ ರೋಲರಿಗೆ ಹತ್ತಲು ನೋಡುತ್ತದೆ.

ಅಂಟು, ಟೇಪ್, ಸ್ಟೇಪ್ಲರ್ ಪಿನ್, ಒಣಗದ ಬಣ್ಣ, ಎಳೆ ಉದುರುವ ಕೈಕಾಗದ, ಇಂಕ್‌ಜೆಟ್‌ಗೆಂದು ಮಾಡಿದ ಪಾರದರ್ಶಕ ಶೀಟ್ ಯಾವುದೂ ಟ್ರೇಗೆ ಹೋಗಬಾರದು. ಪಾರದರ್ಶಕದ ಮೇಲೆ ಮುದ್ರಿಸಲೇಬೇಕೆಂದರೆ ಪೊಟ್ಟಣದ ಮೇಲೆ ಲೇಸರ್ ಎಂದು ಬರೆದಿರಬೇಕು. ಬೇರೆಯದು ಒಳಗೇ ಕರಗಿ ಸುತ್ತಿಕೊಳ್ಳುತ್ತದೆ.

ಎಡವಟ್ಟುಗಳನ್ನು ಓದುವುದು

ಬೆರಳಿನಿಂದ ಉಜ್ಜಿದರೆ ಕಪ್ಪು ಕೈಗೆ ಬಂದರೆ ಕಾಗದ ದಪ್ಪವಿದ್ದು ಬಿಸಿ ಸಾಲಲಿಲ್ಲ ಎಂದರ್ಥ. ಪೇಪರ್ ಬಗೆಯನ್ನು 'ಥಿಕ್' ಎಂದು ಬದಲಿಸಿ. ಇಡೀ ಹಾಳೆಗೆ ಕೊಳೆಬೂದು ಹಬ್ಬಿದ್ದರೆ ಡಾರ್ಕ್ ಅತಿಯಾಗಿದೆ ಅಥವಾ ಹಾಸಿದ ಹಾಳೆ ಗೀರುಗಟ್ಟಿದೆ. ಒಂದೇ ಮಚ್ಚೆ ಸಮ ಅಂತರದಲ್ಲಿ ಮರುಕಳಿಸುತ್ತಿದ್ದರೆ ಅದು ಸುತ್ತುವ ಯಾವುದೋ ಭಾಗದ್ದು: 30 ಮಿ.ಮೀ. ವ್ಯಾಸದ ಡ್ರಮ್ ಆದರೆ ಸುಮಾರು 94 ಮಿ.ಮೀ.ಗೊಮ್ಮೆ. ಸ್ಕೇಲಿನಿಂದ ಅಳೆದು ಬರೆದಿಟ್ಟರೆ ರಿಪೇರಿಗೆ ಬಂದವರಿಗೆ ಅರ್ಧ ಕೆಲಸ ಮುಗಿದಂತೆ. ಆ ಮಚ್ಚೆಯ ಕಾಪಿಗಳನ್ನು ಮಾತ್ರ ಎಸೆಯಬೇಡಿ. ಯಂತ್ರ ಹಾಕಿದ ಸ್ವಂತ ಸಹಿ ಅದು.

ಬೇರೆ ಮೈಗೆ ಇಳಿಸುವುದು

ಟೋನರ್ ಪ್ಲಾಸ್ಟಿಕ್ ಆದ್ದರಿಂದ ಅಕ್ರಿಲಿಕ್ ಜೆಲ್ ಮೀಡಿಯಂ ಅದನ್ನು ಕಚ್ಚಿಕೊಳ್ಳುತ್ತದೆ. ಮರದ ಹಲಗೆಗೋ ಕ್ಯಾನ್ವಾಸಿಗೋ ಜೆಲ್ಲನ್ನು ತೆಳುವಾಗಿ, ಸಮನಾಗಿ ಬಳಿದು, ಕಾಪಿಯನ್ನು ಮುಖ ಕೆಳಗಾಗಿ ಇಟ್ಟು, ನಡುವಿನಿಂದ ಅಂಚಿಗೆ ಗಾಳಿಗುಳ್ಳೆ ತಳ್ಳಿ. ಒಂದು ರಾತ್ರಿ ಪೂರ್ತಿ ಒಣಗಲಿ. ಆಮೇಲೆ ಕಾಗದವನ್ನು ಒದ್ದೆ ಮಾಡಿ ಬೆರಳ ತುದಿಯಿಂದ ಸುತ್ತಿಸುತ್ತಾ ಉಜ್ಜಿದರೆ ನಾರು ಉರುಳಿ ಉರುಳಿ ಬಂದು ಕಪ್ಪು ಮಾತ್ರ ನಿಲ್ಲುತ್ತದೆ. ಒಣಗಿದ ಮೇಲೆ ಮತ್ತೆ ಬೆಳ್ಳಗೆ ಕಂಡರೆ ನಾರು ಉಳಿದಿದೆ, ಇನ್ನೊಂದು ಸುತ್ತು ಉಜ್ಜಿ. ಚಿತ್ರ ಎಡಬಲ ತಿರುಗಿರುತ್ತದೆ. ಅಕ್ಷರವಿದ್ದರೆ ಮೊದಲೇ ಮಿರರ್ ಇಮೇಜ್ ಹಾಕಿ. ಚಿತ್ರ ತುಂಡುತುಂಡಾಗಿ ಇಳಿದರೆ ಜೆಲ್ ಸಾಲದೆ ಹೋಗಿದೆ ಅಥವಾ ತಾಳ್ಮೆ.

ಎತ್ತಿಡುವುದು

ಕಪ್ಪು ಟೋನರ್‌ನ ಬಣ್ಣ ಇಂಗಾಲದ್ದು, ಬಿಸಿಲಿಗೆ ಸುಲಭವಾಗಿ ಮಾಸದು; ಹಳದಿಯಾಗುವುದು ಕಾಗದ. ಉಳಿಸಬೇಕೆಂದಿರುವುದನ್ನು ಆಮ್ಲರಹಿತ ಕಾಗದದ ಮೇಲೆ ತೆಗೆಯಿರಿ, ಹಾಳೆಗಳ ನಡುವೆ ಖಾಲಿ ಕಾಗದ ಹಾಕಿ ಮಲಗಿಸಿಡಿ. ಪಿವಿಸಿ ಕವರುಗಳಲ್ಲಿ ಹಾಕಿಟ್ಟರೆ ಕೆಲವು ತಿಂಗಳಲ್ಲಿ ಟೋನರ್ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಹಾಳೆ ಎಳೆದಾಗ ಚಿತ್ರದ ಒಂದು ಪಾಲು ಕವರಿನಲ್ಲೇ ಉಳಿಯುತ್ತದೆ. ಹಾಗೆ ಆಗಿಯೇ ಹೋಗಿದ್ದರೆ ಕವರನ್ನು ಬಿಸಾಡುವ ಮುನ್ನ ಗಾಜಿನ ಮೇಲಿಟ್ಟು, ಮೇಲೊಂದು ಬಿಳಿ ಹಾಳೆ ಮುಚ್ಚಿ, ಒಂದು ಕಾಪಿ ತೆಗೆದುಕೊಳ್ಳಿ.